ಒಬ್ಬರ ಫೋಟೋ ಜಾಗದಲ್ಲಿ ಇನ್ನೊಬ್ಬರ ಫೋಟೋ: ಅಪ್‌ಲೋಡ್ ಆದ ಚಿತ್ರಗಳಿಗೆ ಹೆಸರಿಡುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ನಮ್ಮ ತಾಲೂಕಿನ ಹಳೆಯ ಫೋಟೋಗಳನ್ನು ಒಂದು ಕಡೆ ಸೇರಿಸೋಣ ಎಂದು ಎರಡು ವರ್ಷದ ಹಿಂದೆ ಒಂದು ವೆಬ್‌ಸೈಟ್ ಮಾಡಿದೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಕಲಿತು ನಾನೇ ಬರೆದದ್ದು. ಊರವರು ಮನೆಯಲ್ಲಿರುವ ಹಳೆಯ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಅಪ್‌ಲೋಡ್ ಮಾಡುತ್ತಾರೆ. ಫೈಲ್ ಯಾವ ಹೆಸರಿನಲ್ಲಿ ಬರುತ್ತದೋ ಅದೇ ಹೆಸರಿನಲ್ಲಿ ಒಂದೇ ಫೋಲ್ಡರಿಗೆ ಉಳಿಸುತ್ತೇನೆ. ಈಗ ಡೇಟಾಬೇಸಿನಲ್ಲಿ 1,400 ಫೋಟೋಗಳ ವಿವರ ಇದೆ. ಹೋದ ವಾರ ಒಬ್ಬರು ಫೋನ್ ಮಾಡಿ, "ನಮ್ಮ ತಾತನ ಫೋಟೋ ಇದ್ದ ಜಾಗದಲ್ಲಿ ಯಾರದೋ ಮದುವೆ ಫೋಟೋ ಬಂದಿದೆ" ಎಂದರು. ನೋಡಿದರೆ ಫೋಲ್ಡರಿನಲ್ಲಿ 1,362 ಫೈಲ್ ಮಾತ್ರ ಇವೆ. ಹಳೆಯ ಹೆಸರು ತೆಗೆದುಹಾಕಿ, 1ರಿಂದ 9999ರ ಒಳಗೆ ಯಾವುದಾದರೂ ಒಂದು ಸಂಖ್ಯೆಯನ್ನು ಹೆಸರಾಗಿ ಕೊಡಿ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಷ್ಟು ಸಾಕಾ? ಇನ್ನೊಂದು ಸಮಸ್ಯೆ: ಕನ್ನಡದಲ್ಲಿ ಹೆಸರಿಟ್ಟ ಕೆಲವು ಫೈಲ್‌ಗಳು ಫೋಲ್ಡರಿನಲ್ಲಿ ಇದ್ದರೂ ಸೈಟಿನಲ್ಲಿ ತೆರೆಯುವುದಿಲ್ಲ. ಯಾಕೆ?

ಉತ್ತರ: ಮೇಷ್ಟ್ರೇ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಸೈಟಿನ ಅಪ್‌ಲೋಡ್ ಪುಟವನ್ನು ಈಗಲೇ ನಿಲ್ಲಿಸಿ. "ಕೆಲವು ದಿನ ಹೊಸ ಫೋಟೋ ತೆಗೆದುಕೊಳ್ಳುವುದಿಲ್ಲ" ಎಂದು ಒಂದು ಸಾಲು ಹಾಕಿದರೆ ಸಾಕು. ಇವತ್ತು ಸಂಜೆ ಇನ್ನೊಬ್ಬರು ಒಂದು ಫೋಟೋ ಹಾಕಿದರೆ ಮತ್ತೊಬ್ಬರ ಅಜ್ಜಿಯ ಫೋಟೋ ಅಳಿಸಿಹೋಗಬಹುದು.

ಆಮೇಲೆ ಪೂರ್ತಿ ಫೋಲ್ಡರ್ ಮತ್ತು ಡೇಟಾಬೇಸ್ ಎರಡನ್ನೂ ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಹೋಸ್ಟಿಂಗ್ ಕಂಪನಿಯವರಿಗೆ ಫೋನ್ ಮಾಡಿ, ಹಳೆಯ ಬ್ಯಾಕಪ್ ಎಷ್ಟು ದಿನದವರೆಗಿನದು ಇದೆ ಎಂದು ಕೇಳಿ. ಇದಕ್ಕೆ ಯಾಕೆ ಅವಸರ ಎಂದರೆ, ಸಾಮಾನ್ಯವಾಗಿ ಹೊಸ ಬ್ಯಾಕಪ್ ಬಂದ ಹಾಗೆ ಹಳೆಯದು ಅಳಿಸುತ್ತಾ ಹೋಗುತ್ತದೆ. ನಿಮಗೆ ಬೇಕಾಗಿರುವುದು ಹಳೆಯದು. ಇವತ್ತು ಸಿಗುವ ಬ್ಯಾಕಪ್ ಮುಂದಿನ ವಾರ ಸಿಗದೇ ಇರಬಹುದು.

ಈಗ ಏನಾಗಿದೆ ಎಂದು ನೋಡೋಣ. ಡೇಟಾಬೇಸಿನಲ್ಲಿ 1,400 ಸಾಲು, ಫೋಲ್ಡರಿನಲ್ಲಿ 1,362 ಫೈಲ್. ನೀವು ಕೈಯಾರೆ ಏನನ್ನೂ ಅಳಿಸಿಲ್ಲ ಎಂದಾದರೆ 38 ಫೋಟೋಗಳು ಹೋಗಿವೆ. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಆದ ಫೈಲನ್ನು ಅದರ ಜಾಗಕ್ಕೆ ಸಾಗಿಸುವ ಮೂವ್ ಅಪ್‌ಲೋಡೆಡ್ ಫೈಲ್ ಎಂಬ ಆಜ್ಞೆ ಇದೆಯಲ್ಲ, ಅದು ಅದೇ ಹೆಸರಿನ ಫೈಲ್ ಅಲ್ಲಿ ಮೊದಲೇ ಇದ್ದರೆ ಕೇಳುವುದಿಲ್ಲ, ಎಚ್ಚರಿಸುವುದೂ ಇಲ್ಲ. ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಎಲ್ಲೂ ತಪ್ಪು ಸಂದೇಶ ಬರುವುದಿಲ್ಲ. ಅದಕ್ಕೇ ಎರಡು ವರ್ಷ ಗೊತ್ತಾಗಲಿಲ್ಲ.

ಹೆಸರುಗಳು ಡಿಕ್ಕಿ ಹೊಡೆದದ್ದು ಆಕಸ್ಮಿಕ ಅಲ್ಲ. ಡಿಜಿಟಲ್ ಕ್ಯಾಮೆರಾಗಳು ಹೆಸರಿಡುವಾಗ ನಾಲ್ಕು ಅಕ್ಷರ, ನಾಲ್ಕು ಅಂಕಿ ಎಂಬ ಕ್ರಮ ಅನುಸರಿಸುತ್ತವೆ. ಅಂಕಿ 0001ರಿಂದ 9999ರವರೆಗೆ ಹೋಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಊರಿನ ನೂರು ಕ್ಯಾಮೆರಾಗಳಲ್ಲೂ 0412ನೇ ಫೋಟೋ ಇದ್ದೇ ಇರುತ್ತದೆ. ವಾಟ್ಸಾಪ್ ಮೂಲಕ ಬಂದ ಚಿತ್ರ ಆಂಡ್ರಾಯ್ಡ್ ಫೋನಿನಲ್ಲಿ ಐಎಂಜಿ-20240115-ಡಬ್ಲ್ಯೂಎ0003 ಎಂಬ ರೀತಿಯ ಹೆಸರು ಪಡೆಯುತ್ತದೆ. ಮೊದಲು ದಿನಾಂಕ, ಆಮೇಲೆ ಆ ದಿನ ಆ ಫೋನಿನಲ್ಲಿ ಎಷ್ಟನೆಯ ಚಿತ್ರ ಎಂಬುದು. ಸಂಕ್ರಾಂತಿ ದಿನ ನಿಮ್ಮೂರಿನ ಐವತ್ತು ಫೋನಿನಲ್ಲಿ ಇದೇ ಹೆಸರಿನ ಐವತ್ತು ಬೇರೆ ಬೇರೆ ಚಿತ್ರಗಳಿರುತ್ತವೆ! ಐಫೋನಿನ ಸಫಾರಿಯಲ್ಲಿ ನೇರವಾಗಿ ಕ್ಯಾಮೆರಾ ತೆರೆದು ಅಪ್‌ಲೋಡ್ ಮಾಡಿದರಂತೂ ಹೆಸರು ಸುಮ್ನೆ 'ಇಮೇಜ್' ಎಂದೇ ಬರುತ್ತದೆ, ಪ್ರತಿ ಸಲವೂ.

ಇಲ್ಲಿ ಒಂದು ಅನುಮಾನ. ನಿಮ್ಮ ಸೈಟಿನಲ್ಲಿ ವಾಟ್ಸಾಪ್ ಹೆಸರಿನ ಫೈಲ್‌ಗಳು ತುಂಬಾ ಇದ್ದರೆ ಅದಕ್ಕೆ ಕಾರಣ ನಿಮ್ಮ ಸರ್ವರಿನ ಮಿತಿಯೇ ಇರಬಹುದು. ಪಿಎಚ್‌ಪಿ ತಾನಾಗಿ ಒಂದು ಫೈಲಿಗೆ 2 ಎಂಬಿ, ಒಂದು ಸಲ ಕಳಿಸುವ ಇಡೀ ಫಾರಂಗೆ 8 ಎಂಬಿ, ಒಂದು ಸಲಕ್ಕೆ 20 ಫೈಲ್ ಎಂಬ ಮಿತಿ ಇಟ್ಟುಕೊಂಡಿರುತ್ತದೆ. ಈಗಿನ ಫೋನಿನ ಫೋಟೋ 2 ಎಂಬಿ ದಾಟುವುದು ಮಾಮೂಲು. ನೇರವಾಗಿ ಹಾಕಿದರೆ ಹೋಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ? ಮಗನಿಗೆ ವಾಟ್ಸಾಪ್ ಮಾಡುತ್ತಾರೆ, ಮಗ ಅಲ್ಲಿಂದ ಇಳಿಸಿ ನಿಮ್ಮ ಸೈಟಿಗೆ ಹಾಕುತ್ತಾನೆ. ಫೋಟೋ ಚಿಕ್ಕದಾಗುತ್ತದೆ, ಮಸುಕಾಗುತ್ತದೆ, ಡಿಕ್ಕಿ ಹೊಡೆಯುವ ಹೆಸರೂ ಅಂಟಿಕೊಂಡು ಬರುತ್ತದೆ. ಹಳೆಯ ಫೋಟೋ ಸಂಗ್ರಹಕ್ಕೆ ಇದು ದೊಡ್ಡ ನಷ್ಟ. ಒಂದು ಫೈಲಿಗೆ 20 ಎಂಬಿ, ಇಡೀ ಫಾರಂಗೆ 100 ಎಂಬಿ ಆದರೂ ಮಾಡಿಕೊಳ್ಳಿ.

ಇನ್ನು ನಿಮ್ಮ ಗೆಳೆಯರ ಸಲಹೆ. 9999 ಸಂಖ್ಯೆಗಳಿವೆ, ನನ್ನದು 1,400 ಫೋಟೋ, ಜಾಗ ಬೇಕಾದಷ್ಟಿದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಗಿಲ್ಲ. ನೀವು ತರಗತಿಯಲ್ಲಿ ಹುಟ್ಟುಹಬ್ಬದ ಲೆಕ್ಕ ಹೇಳಿರಬಹುದು: 23 ಮಕ್ಕಳಿರುವ ಕೊಠಡಿಯಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ವರ್ಷಕ್ಕೆ 365 ದಿನ ಇದ್ದರೂ 23 ಮಕ್ಕಳೇ ಸಾಕು. ಯಾಕೆಂದರೆ ಪ್ರತಿ ಮಗುವನ್ನೂ ಉಳಿದ ಎಲ್ಲ ಮಕ್ಕಳ ಜೊತೆ ಜೋಡಿ ಮಾಡಿ ನೋಡುತ್ತಿದ್ದೇವೆ. 9999 ಸಂಖ್ಯೆಗಳಲ್ಲಿ ಮನಸ್ಸಿಗೆ ಬಂದದ್ದನ್ನು ಆರಿಸುತ್ತಾ ಹೋದರೆ 119ನೇ ಫೋಟೋ ಬರುವಷ್ಟರಲ್ಲಿ ಡಿಕ್ಕಿಯ ಸಾಧ್ಯತೆ ಅರ್ಧ ದಾಟಿರುತ್ತದೆ. 200 ಫೋಟೋಗೆ ಶೇಕಡಾ 86. 300 ಆಗುವಷ್ಟರಲ್ಲಿ ಹೆಚ್ಚುಕಡಿಮೆ ಖಚಿತ. ಅಂದರೆ ನಿಮ್ಮ ಈಗಿನ ಕಷ್ಟಕ್ಕೆ ಆ ಸಲಹೆ ಪರಿಹಾರ ಅಲ್ಲ, ಕಷ್ಟ ಜಾಸ್ತಿಯೇ ಆಗುತ್ತದೆ.

ಹಾಗಾದರೆ ಅಪ್‌ಲೋಡ್ ಆದ ಸಮಯವನ್ನೇ ಹೆಸರಾಗಿ ಕೊಟ್ಟರೆ? ಇದೂ ತುಂಬಾ ಜನ ಮಾಡುವ ಕೆಲಸ. ಸೆಕೆಂಡಿನ ಲೆಕ್ಕದಲ್ಲಿ ಹೆಸರಿಟ್ಟರೆ, "ನಮ್ಮದು ಸಣ್ಣ ಸೈಟು, ಒಂದೇ ಸೆಕೆಂಡಿನಲ್ಲಿ ಇಬ್ಬರು ಎಲ್ಲಿ ಬರುತ್ತಾರೆ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಇಬ್ಬರು ಬರಬೇಕಾಗಿಯೇ ಇಲ್ಲ. ಒಬ್ಬರೇ ಹತ್ತು ಫೋಟೋ ಆರಿಸಿ ಒಟ್ಟಿಗೆ ಕಳಿಸಿದರೆ ನಿಮ್ಮ ಕೋಡ್ ಆ ಹತ್ತನ್ನೂ ಒಂದೇ ಸೆಕೆಂಡಿನೊಳಗೆ ಉಳಿಸುತ್ತದೆ. ಹತ್ತರಲ್ಲಿ ಕೊನೆಯದು ಮಾತ್ರ ಉಳಿಯುತ್ತದೆ. ಹಿಂದೆ ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಹೀಗೇ ಆಯಿತು. ಒಬ್ಬ ಹೆಣ್ಣುಮಗಳು ತನ್ನ ಅಪ್ಪ ಅಮ್ಮನ ಮದುವೆಯ ಆರು ಫೋಟೋ ಕಳಿಸಿದ್ದರು, ಉಳಿದದ್ದು ಒಂದು. ಮೂಲ ಪ್ರತಿಗಳು ಆ ಮಳೆಗಾಲದಲ್ಲಿ ನೀರು ಬಿದ್ದು ಹಾಳಾಗಿದ್ದವು. ಆ ಐದು ಫೋಟೋ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮಗೆ ಇಷ್ಟು ಉದ್ದಕ್ಕೆ ಬರೆಯುತ್ತಿರುವುದೂ ಅದಕ್ಕೇ.

ಪಿಎಚ್‌ಪಿಯಲ್ಲಿ ಯುನಿಕ್‌ಐಡಿ ಎಂಬ ಒಂದು ಆಜ್ಞೆ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದೂ ಗಡಿಯಾರವನ್ನೇ ನೋಡುತ್ತದೆ, ಸೆಕೆಂಡಿನ ಬದಲು ಮೈಕ್ರೋಸೆಕೆಂಡ್ ಅಷ್ಟೇ. ಡಿಕ್ಕಿ ಕಡಿಮೆಯಾಗುತ್ತದೆ, ಆದರೆ ಹೆಸರನ್ನು ಊಹಿಸಲು ಸಾಧ್ಯ.

ಊಹಿಸಿದರೆ ಏನು ಎಂದು ಕೇಳಬಹುದು. ಜನ ಕಳಿಸಿದ ಫೋಟೋಗಳಲ್ಲಿ ಕೆಲವನ್ನು ನೀವು ಪರೀಕ್ಷಿಸಿ ಆಮೇಲೆ ಪ್ರಕಟಿಸುತ್ತೀರಿ, ಕೆಲವನ್ನು ಮನೆಯವರ ಮಾತಿನಂತೆ ಪ್ರಕಟಿಸದೇ ಇಡುತ್ತೀರಿ ಅಲ್ವಾ? 1, 2, 3 ಎಂದು ಹೆಸರಿದ್ದರೆ ವಿಳಾಸದಲ್ಲಿ ಸಂಖ್ಯೆ ಬದಲಿಸುತ್ತಾ ಹೋಗಿ ಯಾರು ಬೇಕಾದರೂ ಎಲ್ಲವನ್ನೂ ಇಳಿಸಿಕೊಳ್ಳಬಹುದು. 2021ರ ಜನವರಿಯಲ್ಲಿ ಅಮೆರಿಕದ ಪಾರ್ಲರ್ ಎಂಬ ಜಾಲತಾಣ ಸ್ಥಗಿತವಾಗುವ ಮೊದಲು ಅದರ ಪೋಸ್ಟ್‌ಗಳನ್ನು ಹೊರಗಿನವರು ರಾಶಿ ರಾಶಿಯಾಗಿ ಇಳಿಸಿಕೊಂಡರು. ಅಲ್ಲಿ ಪೋಸ್ಟ್‌ಗಳಿಗೆ ಒಂದಾದ ಮೇಲೊಂದು ಬರುವ ಸಂಖ್ಯೆ ಇದ್ದದ್ದು ಆ ಕೆಲಸವನ್ನು ಸುಲಭ ಮಾಡಿತು. ಮೇಲಾಗಿ ಅಲ್ಲಿನ ವಿಡಿಯೋಗಳ ಒಳಗೆ, ತೆಗೆದ ಜಾಗದ ಗುರುತೂ ಹಾಗೇ ಉಳಿದಿತ್ತು. ಈ ಜಾಗದ ಗುರುತಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಸರಿಯಾದ ದಾರಿ ಸರಳವಾಗಿದೆ. ಫೈಲಿನ ಹೆಸರನ್ನು ಅಪ್‌ಲೋಡ್ ಮಾಡಿದವರಿಂದ ತೆಗೆದುಕೊಳ್ಳಬೇಡಿ. ನಿಮ್ಮ ಸರ್ವರೇ ಹೆಸರು ಹುಟ್ಟಿಸಲಿ. ಆ ಹೆಸರಿಗೆ ಯಾವ ಅರ್ಥವೂ ಇರಬಾರದು. ಊರು, ಇಸವಿ, ಮನೆತನ, ಕಳಿಸಿದವರ ಹೆಸರು ಇದೆಲ್ಲ ಡೇಟಾಬೇಸಿನ ಕೆಲಸ. ಅರ್ಥ ಇರುವ ಹೆಸರು ಮುಂದೊಂದು ದಿನ ತಪ್ಪಾಗುತ್ತದೆ. 'ಜಾತ್ರೆ 1962' ಎಂದು ಫೈಲಿಗೆ ಹೆಸರಿಟ್ಟಿರುತ್ತೀರಿ. ಆರು ತಿಂಗಳ ಮೇಲೆ ಹಿರಿಯರೊಬ್ಬರು ನೋಡಿ, ಇದು ಜಾತ್ರೆಯಲ್ಲ, ಕೆರೆ ಕೋಡಿ ಬಿದ್ದಾಗ ಗಂಗೆ ಪೂಜೆ ಮಾಡಿದ್ದು, ಇಸವಿ 1958 ಎನ್ನುತ್ತಾರೆ. ಡೇಟಾಬೇಸಿನಲ್ಲಾದರೆ ಒಂದು ಸಾಲು ತಿದ್ದಿದರೆ ಆಯಿತು. ಫೈಲಿನ ಹೆಸರು ತಿದ್ದಲು ಹೋದರೆ ಆ ಚಿತ್ರಕ್ಕೆ ಇರುವ ಲಿಂಕ್‌ಗಳೆಲ್ಲ ಮುರಿಯುತ್ತವೆ.

ಹೆಸರು ಹುಟ್ಟಿಸುವುದು ಹೇಗೆ? ಪಿಎಚ್‌ಪಿ 7ರಿಂದ ರ‍್ಯಾಂಡಮ್ ಬೈಟ್ಸ್ ಎಂಬ ಆಜ್ಞೆ ಇದೆ. ಅದಕ್ಕೆ 16 ಎಂದು ಕೊಡಿ, ಬಂದದ್ದನ್ನು ಬಿನ್‌2ಹೆಕ್ಸ್‌ಗೆ ಕೊಡಿ. ಅಂಕಿ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳು ಮಾತ್ರ ಇರುವ 32 ಅಕ್ಷರಗಳ ಹೆಸರು ಸಿಗುತ್ತದೆ. ಒಟ್ಟು ಎಷ್ಟು ಹೆಸರು ಸಾಧ್ಯ ಎಂದರೆ ಆ ಸಂಖ್ಯೆಯನ್ನು ಬರೆಯಲು 39 ಅಂಕಿ ಬೇಕು. ನಿಮ್ಮ ಸೈಟಿಗೆ ಒಂದು ಕೋಟಿ ಫೋಟೋ ಬಂದರೂ ಎರಡು ಹೆಸರು ಒಂದೇ ಆಗುವ ಸಾಧ್ಯತೆಯನ್ನು ದಶಮಾಂಶದಲ್ಲಿ ಬರೆದರೆ ಬಿಂದುವಿನ ಮುಂದೆ 20ಕ್ಕೂ ಜಾಸ್ತಿ ಸೊನ್ನೆ ಬರುತ್ತವೆ. ಹುಟ್ಟುಹಬ್ಬದ ಲೆಕ್ಕವನ್ನು ಸೇರಿಸಿಯೇ ಇದನ್ನು ಹೇಳುತ್ತಿದ್ದೇನೆ.

ಯುಯುಐಡಿ ಎಂಬ ಹೆಸರನ್ನೂ ಕೇಳಿರುತ್ತೀರಿ. ಅದೂ ಇದೇ ಜಾತಿಯದು, 128 ಬಿಟ್, ನಡುವೆ ಅಡ್ಡಗೆರೆ ಸೇರಿ 36 ಅಕ್ಷರ. ನಾಲ್ಕನೇ ಬಗೆಯದರಲ್ಲಿ 122 ಬಿಟ್ ಪೂರ್ತಿ ಆಕಸ್ಮಿಕವಾಗಿ ಬರುತ್ತವೆ. 2024ರಲ್ಲಿ ಪ್ರಕಟವಾದ ಹೊಸ ನಿಯಮದಲ್ಲಿ ಏಳನೇ ಬಗೆ ಬಂದಿದೆ. ಅದರ ಮೊದಲ 48 ಬಿಟ್ ಮಿಲಿಸೆಕೆಂಡ್ ಲೆಕ್ಕದ ಸಮಯ, ಹಾಗಾಗಿ ಹೆಸರುಗಳು ತಾವಾಗಿ ಬಂದ ಕ್ರಮದಲ್ಲಿ ಜೋಡಣೆಯಾಗುತ್ತವೆ. ದೊಡ್ಡ ಡೇಟಾಬೇಸಿಗೆ ಅದು ಒಳ್ಳೆಯದು. ನಿಮಗೆ ರ‍್ಯಾಂಡಮ್ ಬೈಟ್ಸ್ ಸಾಕು, ಹೊಸ ಲೈಬ್ರರಿ ಯಾವುದೂ ಬೇಡ.

ಇಷ್ಟಾದರೂ ಎರಡು ಬೀಗ ಹಾಕಿ. ಡೇಟಾಬೇಸಿನಲ್ಲಿ ಫೈಲ್ ಹೆಸರಿನ ಕಾಲಂಗೆ ಯುನಿಕ್ ಎಂಬ ನಿರ್ಬಂಧ ಕೊಡಿ. ಫೈಲ್ ಬರೆಯುವಾಗ ಎಫ್‌ಓಪನ್ ಆಜ್ಞೆಯನ್ನು ಎಕ್ಸ್ ಎಂಬ ಕ್ರಮದಲ್ಲಿ ಬಳಸಿ. ಆ ಹೆಸರಿನ ಫೈಲ್ ಆಗಲೇ ಇದ್ದರೆ ಅದು ಬರೆಯಲು ನಿರಾಕರಿಸುತ್ತದೆ. "ಮೊದಲು ಫೈಲ್ ಇದೆಯಾ ನೋಡುತ್ತೇನೆ, ಇಲ್ಲದಿದ್ದರೆ ಬರೆಯುತ್ತೇನೆ" ಎಂದು ಎರಡು ಹೆಜ್ಜೆಯಲ್ಲಿ ಬರೆದರೆ ಆ ಎರಡು ಹೆಜ್ಜೆಯ ನಡುವಿನ ಸಂದಿಯಲ್ಲಿ ಇನ್ನೊಂದು ಅಪ್‌ಲೋಡ್ ನುಗ್ಗಬಹುದು. ನೋಡುವುದು, ಬರೆಯುವುದು ಒಂದೇ ಏಟಿಗೆ ಆಗಬೇಕು.

ಫೋಟೋದ ಒಳಗಿನ ಬೈಟ್‌ಗಳಿಂದಲೇ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ, ಲೆಕ್ಕ ಹಾಕಿ ಅದನ್ನೇ ಹೆಸರಾಗಿ ಇಡುವ ಇನ್ನೊಂದು ಪದ್ಧತಿ ಇದೆ. ಶಾ-256 ಲೆಕ್ಕದಲ್ಲಿ 64 ಅಕ್ಷರ ಬರುತ್ತದೆ. ಒಂದೇ ಫೈಲಿಗೆ ಯಾವಾಗಲೂ ಒಂದೇ ಹೆಸರು, ಒಂದು ಬೈಟ್ ಬದಲಾದರೂ ಬೇರೆ ಹೆಸರು. ಕೇಳಲು ಚೆನ್ನಾಗಿದೆ, ಒಂದೇ ಫೋಟೋ ಎರಡು ಸಲ ಉಳಿಯುವುದಿಲ್ಲ. ಆದರೆ ನಿಮ್ಮ ಕೆಲಸಕ್ಕೆ ಇದನ್ನು ಹೆಸರಾಗಿ ಇಡಬೇಡಿ. ಒಂದೇ ಗುಂಪು ಫೋಟೋ ಅಣ್ಣನ ಫೋನಿನಿಂದ ತಂಗಿಗೆ ಹೋಗಿ, ಇಬ್ಬರೂ ಅದೇ ಫೈಲನ್ನು ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅಣ್ಣ ಬರೆದ ವಿವರ ಬೇರೆ, ತಂಗಿ ಬರೆದದ್ದು ಬೇರೆ. ಎರಡೂ ಬೇಕು. ಹ್ಯಾಶ್ ಹೆಸರಾದರೆ ಇಬ್ಬರಿಗೂ ಸೇರಿ ಒಂದೇ ಫೈಲ್ ಇರುತ್ತದೆ. ನಾಳೆ ಅಣ್ಣ ತನ್ನದನ್ನು ತೆಗೆಸಿದರೆ ತಂಗಿಯ ಫೋಟೋವೂ ಹೋಗುತ್ತದೆ. ಹೆಸರು ಆಕಸ್ಮಿಕವಾಗಿಯೇ ಇರಲಿ, ಹ್ಯಾಶನ್ನು ಡೇಟಾಬೇಸಿನಲ್ಲಿ ಒಂದು ಕಾಲಂ ಮಾಡಿ ಇಡಿ. ಹೊಸ ಫೋಟೋದ ಹ್ಯಾಶ್ ಮೊದಲೇ ಇದ್ದರೆ, "ಈ ಫೋಟೋ ನಮ್ಮಲ್ಲಿದೆ, ನಿಮ್ಮ ನೆನಪನ್ನೂ ಅದಕ್ಕೆ ಸೇರಿಸುತ್ತೀರಾ?" ಎಂದು ಕೇಳಬಹುದು. ವರ್ಷಕ್ಕೊಮ್ಮೆ ಎಲ್ಲ ಫೈಲ್‌ಗಳ ಹ್ಯಾಶ್ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಯಾವುದಾದರೂ ಫೈಲ್ ಕೆಟ್ಟಿದೆಯಾ ಎಂದೂ ತಿಳಿಯುತ್ತದೆ. ಆದರೆ ವಾಟ್ಸಾಪ್ ಮೂಲಕ ಹೋಗಿ ಬಂದ ಫೋಟೋವನ್ನು ಅದು ಕುಗ್ಗಿಸಿರುತ್ತದೆ, ಹಾಗಾಗಿ ಅದರ ಹ್ಯಾಶ್ ಮೂಲದ ಜೊತೆ ಹೊಂದುವುದಿಲ್ಲ. ಅದನ್ನು ಕಣ್ಣಿಂದಲೇ ನೋಡಿ ಹೇಳಬೇಕು.

ಈಗ ನಿಮ್ಮ ಕನ್ನಡ ಹೆಸರಿನ ಫೈಲ್‌ಗಳು. ಕನ್ನಡದಲ್ಲಿ ಹೆಸರಿಡುವುದು ತಪ್ಪು ಎಂದು ಹೇಳುವವರಿದ್ದಾರೆ. ತಪ್ಪಲ್ಲ, ಯುನಿಕೋಡ್ ಇದಕ್ಕೆ ಜಾಗ ಕೊಟ್ಟಿದೆ. ತೊಂದರೆ ಬೇರೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು.

'ಕೋಲಾರ' ಎಂಬ ಪದ ನೋಡಿ. 'ಕೋ' ಬರೆಯಲು ಕ ಅಕ್ಷರದ ಜೊತೆ ಓತ್ವದ ಒಂದೇ ಸಂಕೇತ ಹಾಕಬಹುದು. ಅಥವಾ ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತಗಳನ್ನು ಸಾಲಾಗಿ ಹಾಕಬಹುದು. ಎರಡೂ ಒಂದೇ ಎಂದು ಯುನಿಕೋಡ್ ಹೇಳುತ್ತದೆ, ತೆರೆಯ ಮೇಲೂ ಎರಡೂ 'ಕೋ' ಎಂದೇ ಕಾಣುತ್ತವೆ. ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಹಾಗಾಗಿ ಮೊದಲ ಬಗೆಯಲ್ಲಿ 'ಕೋಲಾರ' 15 ಬೈಟ್, ಎರಡನೆಯದರಲ್ಲಿ 21 ಬೈಟ್. ಲಿನಕ್ಸ್ ಸರ್ವರ್ ಬೈಟ್ ಬೈಟ್ ಹೋಲಿಸಿ ನೋಡುತ್ತದೆ. ಅದಕ್ಕೆ ಇವೆರಡೂ ಬೇರೆ ಫೈಲ್‌ಗಳು. ಆಪಲ್‌ನ ಹಳೆಯ ಮ್ಯಾಕ್‌ಗಳಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲ್ ಬಿಡಿಸಿದ ಹೆಸರಿನಲ್ಲಿರುತ್ತದೆ, ನೀವು ಪುಟದಲ್ಲಿ ಟೈಪ್ ಮಾಡಿದ ಲಿಂಕ್ ಕೂಡಿಸಿದ ರೂಪದಲ್ಲಿರುತ್ತದೆ. ಎರಡೂ ಭೇಟಿಯಾಗುವುದಿಲ್ಲ. ಕೀ, ಕೇ, ಕೈ, ಕೊ, ಕೋ ಈ ಸ್ವರಗಳಿರುವ ಹೆಸರುಗಳಲ್ಲಿ ಮಾತ್ರ ಹೀಗಾಗುತ್ತದೆ. ನಿಮ್ಮ 'ತೆರೆಯದ' ಫೈಲ್‌ಗಳ ಹೆಸರು ನೋಡಿ, ಈ ಸ್ವರಗಳು ಇವೆಯಾ ಎಂದು.

ಇಲ್ಲದಿದ್ದರೆ ಇನ್ನೊಂದು ಕಾರಣ ಇದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಕ ಒತ್ತಕ್ಷರ ಆಗದಿರಲಿ ಎಂದು ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಅದನ್ನು ಸೇರಿಸಿಬಿಡುತ್ತವೆ. ಅಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಒಬ್ಬರ 'ಬಸ್' ಇನ್ನೊಬ್ಬರ 'ಬಸ್' ಜೊತೆ ಹೊಂದುವುದಿಲ್ಲ. ಇದರ ಮೇಲೆ ಉದ್ದದ ಮಿತಿ ಬೇರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಫೈಲ್ ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷ್‌ನಲ್ಲಿ 255 ಅಕ್ಷರ ಹಿಡಿಸುವ ಕಡೆ ಕನ್ನಡದ 85 ಸಂಕೇತ ಮಾತ್ರ. ಫೋಟೋ ವಿವರವನ್ನೇ ಫೈಲ್ ಹೆಸರಾಗಿ ಟೈಪ್ ಮಾಡುವವರು ಈ ಮಿತಿಯನ್ನು ಬೇಗ ಮುಟ್ಟುತ್ತಾರೆ. ಲಿಂಕ್ ಹಂಚುವಾಗ 'ಹಂಪಿ' ಎಂಬ ಎರಡಕ್ಷರ ಶೇಕಡಾ ಗುರುತುಗಳ 36 ಅಕ್ಷರಗಳ ಸಾಲಾಗುವುದನ್ನೂ ನೋಡಿರುತ್ತೀರಿ.

ಸರ್ವರ್ ಹುಟ್ಟಿಸಿದ ಹೆಸರು ಬಳಸಿದರೆ ಈ ಎಲ್ಲ ತೊಂದರೆ ಒಟ್ಟಿಗೆ ಹೋಗುತ್ತದೆ. ಆದರೂ ಜನ ಕೊಟ್ಟ ಮೂಲ ಹೆಸರನ್ನು ಎಸೆಯಬೇಡಿ, ಡೇಟಾಬೇಸಿನಲ್ಲಿ ಅದಕ್ಕೊಂದು ಕಾಲಂ ಇರಲಿ. 'ದೊಡ್ಡಮ್ಮನ ಸೀಮಂತ' ಎಂದು ಯಾರೋ ಹೆಸರಿಟ್ಟಿದ್ದರೆ ಅದೇ ಆ ಫೋಟೋ ಬಗ್ಗೆ ನಮಗಿರುವ ಮೊದಲ ಮಾಹಿತಿ. ಅದನ್ನು ಉಳಿಸುವ ಮೊದಲು ಪಿಎಚ್‌ಪಿಯ ನಾರ್ಮಲೈಸರ್ ಮೂಲಕ ಕೂಡಿಸಿದ ರೂಪಕ್ಕೆ ತನ್ನಿ. ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದನ್ನೂ ಹಾಗೇ ಮಾಡಿ. ಆಗ 'ಕೋಲಾರ' ಹುಡುಕಿದರೆ ಕೋಲಾರ ಸಿಗುತ್ತದೆ.

ಗೂಗಲ್‌ನಲ್ಲಿ ಫೋಟೋ ಸಿಗಬೇಕಾದರೆ ಫೈಲಿಗೆ ಅರ್ಥ ಇರುವ ಹೆಸರು ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಸಹಾಯ ಆಗುತ್ತದೆ, ನಿಜ. ಅದಕ್ಕಿಂತ ಜಾಸ್ತಿ ಸಹಾಯ ಆಗುವುದು ಪುಟದಲ್ಲಿ ಚಿತ್ರದ ಸುತ್ತ ಇರುವ ಬರಹದಿಂದ ಮತ್ತು ಚಿತ್ರಕ್ಕೆ ಕೊಡುವ ಆಲ್ಟ್ ಬರಹದಿಂದ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಆ ಆಲ್ಟ್ ಬರಹವನ್ನೇ ಓದುತ್ತದೆ. ಅದನ್ನು ಕನ್ನಡದಲ್ಲಿ ಚೆನ್ನಾಗಿ ಬರೆಯಿರಿ.

ಫೋಲ್ಡರಿನ ಮಾತು ಬೇಗ ಮುಗಿಸುತ್ತೇನೆ. ಎಲ್ಲ ಫೈಲನ್ನೂ ಒಂದೇ ಫೋಲ್ಡರಿಗೆ ತುಂಬಬೇಡಿ, ಎಫ್‌ಟಿಪಿಯಲ್ಲಿ ತೆರೆದು ನೋಡುವುದೇ ಕಷ್ಟವಾಗುತ್ತದೆ. ಹೆಸರಿನ ಮೊದಲ ಎರಡು ಅಕ್ಷರದ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಆಗ 256 ಫೋಲ್ಡರ್ ಆಗುತ್ತವೆ, 50,000 ಫೋಟೋ ಬಂದರೂ ಒಂದೊಂದರಲ್ಲಿ ಸುಮಾರು 200. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ಕೂಡ ಫೈಲ್ ಹೆಸರಿನ ಹ್ಯಾಶ್ ತೆಗೆದು ಅದರ ಮೊದಲ ಅಕ್ಷರಗಳಿಂದ ಹೀಗೇ ಫೋಲ್ಡರ್ ಹಂಚುತ್ತದೆ. ವರ್ಡ್‌ಪ್ರೆಸ್ ಇಸವಿ ಮತ್ತು ತಿಂಗಳ ಪ್ರಕಾರ ಹಂಚುತ್ತದೆ, ಹೆಸರು ಡಿಕ್ಕಿಯಾದರೆ ಕೊನೆಗೆ 1, 2 ಎಂದು ಸೇರಿಸುತ್ತದೆ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಸುರಕ್ಷತೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಈಗ ನೀವು ಬಂದ ಹೆಸರನ್ನೇ ಉಳಿಸುತ್ತಿದ್ದೀರಿ. ಅಂದರೆ ಯಾರಾದರೂ ಫೋಟೋ ಬದಲು ಪಿಎಚ್‌ಪಿ ಫೈಲ್ ಕಳಿಸಿದರೆ ಅದೂ ಉಳಿಯುತ್ತದೆ. ಆಮೇಲೆ ಅವರು ಬ್ರೌಸರಿನಲ್ಲಿ ಆ ವಿಳಾಸ ತೆರೆದರೆ ಅದು ನಿಮ್ಮ ಸರ್ವರಿನಲ್ಲಿ ಓಡುತ್ತದೆ. ಇಡೀ ಸೈಟು ಅವರ ಕೈಗೆ ಹೋಗುತ್ತದೆ. ಬ್ರೌಸರ್ ಹೇಳುವ ಫೈಲ್ ಬಗೆಯನ್ನು ನಂಬಬೇಡಿ, ಅದನ್ನು ಕಳಿಸುವವರು ಬೇಕಾದ ಹಾಗೆ ಬರೆಯಬಹುದು. ಫೈಲಿನ ಒಳಗೆ ನೋಡಿ. ಪಿಎಚ್‌ಪಿಯ ಫೈಲ್‌ಇನ್ಫೋ ಆ ಕೆಲಸ ಮಾಡುತ್ತದೆ. ಜೆಪೆಗ್, ಪಿಎನ್‌ಜಿ, ವೆಬ್‌ಪಿ ಮೂರಕ್ಕೆ ಮಾತ್ರ ಅನುಮತಿ ಕೊಡಿ. ಎಸ್‌ವಿಜಿ ಬೇಡ, ಅದರೊಳಗೆ ಸ್ಕ್ರಿಪ್ಟ್ ಅಡಗಿಸಬಹುದು. ಫೈಲಿನ ಕೊನೆಯ ವಿಸ್ತರಣೆಯನ್ನೂ ನೀವೇ ಕೊಡಿ: ಒಳಗೆ ಇರುವುದು ಜೆಪೆಗ್ ಎಂದು ಖಾತ್ರಿಯಾದರೆ ಜೆಪಿಜಿ, ಯಾವಾಗಲೂ ಸಣ್ಣ ಅಕ್ಷರದಲ್ಲಿ. ವಿಂಡೋಸ್ ಲ್ಯಾಪ್‌ಟಾಪಿಗೆ ದೊಡ್ಡ ಅಕ್ಷರ ಸಣ್ಣ ಅಕ್ಷರ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಮನೆಯಲ್ಲಿ ಸರಿಯಾಗಿ ಕಂಡ ಚಿತ್ರ ಸೈಟಿನಲ್ಲಿ ಕಾಣದಿರಲು ಇದೂ ಒಂದು ಕಾರಣ. ಚಿತ್ರಗಳ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಸರ್ವರಿಗೆ ಹೇಳುವುದನ್ನೂ ಮರೆಯಬೇಡಿ.

ಬಂದ ಮೂಲ ಫೈಲನ್ನು ಮುಟ್ಟದೆ, ಹೊರಗಿನವರಿಗೆ ಕಾಣದ ಫೋಲ್ಡರಿನಲ್ಲಿ ಇಡಿ. ಅದರಿಂದ ಎರಡು ಪ್ರತಿ ಮಾಡಿ: ಪಟ್ಟಿಯಲ್ಲಿ ತೋರಿಸಲು 300 ಪಿಕ್ಸೆಲ್ ಅಗಲದ್ದು, ಪುಟದಲ್ಲಿ ತೋರಿಸಲು 1600 ಪಿಕ್ಸೆಲ್‌ದು. ಹೊರಗೆ ಕಾಣುವುದು ಇವೆರಡೇ. ಇಲ್ಲಿ ಮೆಮೊರಿಯ ಲೆಕ್ಕ ನೆನಪಿರಲಿ. 4000 ಗುಣಿಸು 3000 ಪಿಕ್ಸೆಲ್ ಫೋಟೋ ತೆರೆದಾಗ ಒಂದೊಂದು ಪಿಕ್ಸೆಲಿಗೆ 4 ಬೈಟಿನಂತೆ 48 ಎಂಬಿ ಹಿಡಿಯುತ್ತದೆ. 8000 ಗುಣಿಸು 6000 ಆದರೆ 192 ಎಂಬಿ. ಪಿಎಚ್‌ಪಿಗೆ ಮಾಮೂಲಾಗಿ ಇರುವುದು 128 ಎಂಬಿ. ಫೈಲ್ ಚಿಕ್ಕದಿದ್ದರೂ ಪುಟ ನಡುವೆ ನಿಂತುಹೋದರೆ ಇದನ್ನೇ ಮೊದಲು ನೋಡಿ.

ಪ್ರತಿ ಮಾಡುವಾಗ ಎಕ್ಸಿಫ್ ಮಾಹಿತಿಯನ್ನು, ಅಂದರೆ ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ತಾರೀಕು, ಜಾಗ ಮುಂತಾದ ವಿವರಗಳನ್ನು, ತೆಗೆದುಹಾಕಿ. ಹಳೆಯ ಫೋಟೋಗಳ ಸೈಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಜನ ಮನೆಯಲ್ಲಿ ಕುಳಿತು, ಗೋಡೆಯ ಮೇಲಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆಯುತ್ತಾರೆ. ಲೊಕೇಶನ್ ಚಾಲೂ ಇದ್ದರೆ ಆ ಮನೆ ಎಲ್ಲಿದೆ ಎಂಬುದು ಫೈಲಿನೊಳಗೆ ಸೇರಿಕೊಳ್ಳುತ್ತದೆ. ಅಜ್ಜಿಯ ಮೈಮೇಲಿನ ಒಡವೆಯ ಫೋಟೋ, ಜೊತೆಗೆ ಅದೇ ಅಜ್ಜಿಯ ಮನೆಯ ವಿಳಾಸ. ಇದನ್ನು ನಾವು ಲೋಕಕ್ಕೆ ಹಂಚಬಾರದು. ತೆಗೆಯುವ ಮೊದಲು ಎಕ್ಸಿಫ್ ಒಳಗಿನ ದಿಕ್ಕಿನ ಗುರುತನ್ನು ಓದಿ ಚಿತ್ರವನ್ನು ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ನಿಂತವರು ಮಲಗಿದಂತೆ ಕಾಣುತ್ತಾರೆ. ಎಕ್ಸಿಫ್‌ನ ತಾರೀಕನ್ನು ಫೋಟೋದ ಕಾಲ ಎಂದೂ ಬರೆದುಕೊಳ್ಳಬೇಡಿ. ಅದು ಮೊಬೈಲಿನಲ್ಲಿ ಮರುತೆಗೆದ ದಿನ. ಕಾಲಕ್ಕೆ ಬೇರೆ ಕಾಲಂ ಇಡಿ, ಅದರಲ್ಲಿ 'ಸುಮಾರು 1965', 'ಬರಗಾಲದ ಮಾರನೇ ವರ್ಷ' ಎಂದು ಬರೆಯಲೂ ಜಾಗ ಇರಲಿ. ಊರವರಿಗೆ ಇಸವಿ ನೆನಪಿರುವುದು ಹಾಗೆಯೇ.

ಒಂದು ಫೋಟೋವನ್ನು ಇನ್ನೂ ಚೆನ್ನಾದ ಪ್ರತಿಯಿಂದ ಬದಲಿಸುವಾಗ ಹಳೆಯ ಹೆಸರನ್ನೇ ಕೊಡಬೇಡಿ, ಹೊಸ ಹೆಸರು ಹುಟ್ಟಿಸಿ. ಅದೇ ಹೆಸರು ಇಟ್ಟರೆ ಓದುಗರ ಬ್ರೌಸರ್ ತನ್ನಲ್ಲಿ ಉಳಿಸಿಕೊಂಡ ಹಳೆಯದನ್ನೇ ತೋರಿಸುತ್ತಿರುತ್ತದೆ. ಅಳಿಸುವಾಗಲೂ ನಿಧಾನ ಮಾಡಿ: ಮೊದಲು ಡೇಟಾಬೇಸಿನಲ್ಲಿ 'ತೆಗೆದಿದೆ' ಎಂದು ಗುರುತು ಹಾಕಿ, ತಿಂಗಳಾದ ಮೇಲೆ ಫೈಲ್ ಅಳಿಸಿ.

ಈಗ ಇರುವ 1,362 ಫೈಲ್‌ಗಳಿಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಅದು ಪ್ರತಿ ಫೈಲನ್ನೂ ಹೊಸ ಹೆಸರಿನಲ್ಲಿ ನಕಲು ಮಾಡಲಿ, ಹಳೆಯ ಹೆಸರು ಮತ್ತು ಹೊಸ ಹೆಸರನ್ನು ಒಂದು ಟೇಬಲಿನಲ್ಲಿ ಜೋಡಿಸಿ ಬರೆಯಲಿ. ಹಳೆಯ ಫೋಲ್ಡರ್ ಕೆಲವು ತಿಂಗಳು ಹಾಗೇ ಇರಲಿ. ಹಳೆಯ ಲಿಂಕ್‌ಗೆ ಬಂದವರನ್ನು 301 ಸಂಕೇತದ ಮೂಲಕ ಹೊಸದಕ್ಕೆ ಕಳಿಸಿ, ಜನ ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ಲಿಂಕ್ ಮುರಿಯಬಾರದು.

ಸ್ಕ್ರಿಪ್ಟ್ ಓಡಿಸುವ ಮೊದಲು, ಒಂದಕ್ಕಿಂತ ಜಾಸ್ತಿ ಸಾಲಿನಲ್ಲಿ ಬಂದಿರುವ ಫೈಲ್ ಹೆಸರುಗಳ ಪಟ್ಟಿ ತೆಗೆಯಿರಿ. ಆ 38 ಇರುವುದು ಅಲ್ಲೇ. ಪ್ರತಿ ಹೆಸರಿಗೂ ಕೊನೆಗೆ ಅಪ್‌ಲೋಡ್ ಮಾಡಿದವರ ಫೋಟೋ ಉಳಿದಿದೆ, ಮೊದಲಿನವರದು ಹೋಗಿದೆ. ಬ್ಯಾಕಪ್‌ನಲ್ಲಿ ಸಿಕ್ಕಿದ್ದನ್ನು ಅವರವರ ಸಾಲಿಗೆ ಸೇರಿಸಿ. ಸಿಗದವರಿಗೆ ನೀವೇ ಫೋನ್ ಮಾಡಿ, ಅವರಾಗಿ ಗಮನಿಸುವವರೆಗೆ ಕಾಯಬೇಡಿ. ಬಹಳ ಜನರ ಫೋನಿನಲ್ಲಿ ಆ ಫೋಟೋ ಇನ್ನೂ ಇರುತ್ತದೆ, ಇಲ್ಲದಿದ್ದರೂ ಗೋಡೆಯ ಮೇಲೆ ಇರುತ್ತದೆ. ಈ ಸಲ ವಾಟ್ಸಾಪ್ ಬೇಡ, ಸೈಟಿನಿಂದಲೇ ನೇರವಾಗಿ ಹಾಕಿ ಎಂದು ಹೇಳಿ. ಕಟ್ಟು ಬಿಚ್ಚಲು ಸಾಧ್ಯವಿದ್ದರೆ ಫೋಟೋದ ಹಿಂಬದಿಯನ್ನೂ ಒಂದು ಸಲ ತೆಗೆಯಲು ಹೇಳಿ. ಸ್ಟುಡಿಯೋದ ಮುದ್ರೆ, ತಾರೀಕು, ಪೆನ್ಸಿಲಿನಲ್ಲಿ ಬರೆದ ಹೆಸರುಗಳು ಅಲ್ಲಿರುತ್ತವೆ. ಅದಕ್ಕಾಗಿ ಈಗಲೇ ಫೋಟೋಗೆ ಒಂದು ಟೇಬಲ್, ಫೈಲ್‌ಗೆ ಇನ್ನೊಂದು ಟೇಬಲ್ ಮಾಡಿ, ಒಂದು ಫೋಟೋಗೆ ಎಷ್ಟು ಫೈಲ್ ಬೇಕಾದರೂ ಸೇರುವ ಹಾಗೆ. ಫೈಲ್ ಟೇಬಲಿನಲ್ಲಿ 'ಮುಂಬದಿ', 'ಹಿಂಬದಿ' ಎಂಬ ಕಾಲಂ ಇರಲಿ.